ಬಾಗಿಲ ಪಕ್ಕದ ಬೆಂಚು

"ಐದು" ಎಂದಳು ಹುಡುಗಿ.

ಹಿಂದಿನ ವಾರವೂ ಐದು, ಅದರ ಹಿಂದಿನ ವಾರವೂ ಐದು. ಆರು ವಾರದಿಂದ ಪ್ರತಿ ಸೋಮವಾರ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ, ಅವಳು ಒಂದೇ ಉತ್ತರ ಕೊಡುತ್ತಿದ್ದಳು. ಭಯ ಚೂರೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಷ್ಟಿದ್ದರೆ ಹತ್ತು, ಈಗ ಎಷ್ಟಿದೆ ಹೇಳು ಎಂಬುದು ಪ್ರಶ್ನೆ. ನಮ್ಮ ತರಬೇತಿಯಲ್ಲಿ ಮೊದಲ ದಿನವೇ ಕಲಿಸುವ ಅಳತೆ ಇದು. ಬೇರೆ ಮಕ್ಕಳು ಮೂರು ಎನ್ನುತ್ತಾರೆ, ಎಂಟು ಎನ್ನುತ್ತಾರೆ, ಒಬ್ಬ ಹನ್ನೆರಡು ಎಂದದ್ದೂ ಉಂಟು. ಇವಳು ಮಾತ್ರ ಕೆಟ್ಟ ಗಡಿಯಾರದ ಹಾಗೆ ಐದರಲ್ಲೇ ನಿಂತಿದ್ದಳು. ನನಗೆ ಒಳಗೊಳಗೇ ಸಿಟ್ಟು. ನನ್ನ ತಾಳ್ಮೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಈ ಕೆಲಸಕ್ಕೆ ನನ್ನನ್ನು ಯಾರು ಆರಿಸಿದರೋ ಎಂದು ನನ್ನ ತಂಗಿ ಈಗಲೂ ಕೇಳುತ್ತಾಳೆ.

ನಾನು ಡಾಕ್ಟರಲ್ಲ. ಕಾಯಿಲೆ ಏನೆಂದು ಹೇಳುವುದು, ಮಾತ್ರೆ ಬರೆಯುವುದು ಡಾಕ್ಟರ ಕೆಲಸ. ಖಿನ್ನತೆಯನ್ನೋ ಗಾಬರಿಯನ್ನೋ ಇಟ್ಟುಕೊಂಡೇ ಓದುತ್ತಿರುವ ಮಕ್ಕಳ ಓದು ನಡುವೆ ನಿಂತುಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕಾಗದದ ಮೇಲೆ 'ವಿಶೇಷ ಮಾರ್ಗದರ್ಶಕಿ', ಮಕ್ಕಳ ಬಾಯಲ್ಲಿ 'ಮೆಂಟರ್ ಮೇಡಂ'. ಸೋಮವಾರ ಹುಣಸೂರು, ಮಂಗಳವಾರ ಪಿರಿಯಾಪಟ್ಟಣ, ಬುಧವಾರ ಕೆ.ಆರ್. ನಗರ, ಗುರುವಾರ ಹೆಗ್ಗಡದೇವನಕೋಟೆ. ಶುಕ್ರವಾರ ಮೈಸೂರಿನಲ್ಲಿ ಮೇಲ್ವಿಚಾರಕಿಯ ಎದುರು ಕೂತು ವಾರವಿಡೀ ಮಾಡಿದ್ದನ್ನು ಒಪ್ಪಿಸಿ ಬೈಸಿಕೊಳ್ಳುವುದು.

ಹುಣಸೂರಿನ ಕಾಲೇಜಿನಲ್ಲಿ ನನಗೆ ಸಿಕ್ಕಿದ್ದು ಆಟದ ಸಾಮಾನಿನ ಕೋಣೆ. ಹರಿದ ವಾಲಿಬಾಲ್ ನೆಟ್ಟು, ಮೂಲೆಯಲ್ಲಿ ಒರಗಿಸಿದ ಕೇರಂ ಬೋರ್ಡುಗಳು, ಎರಡು ಕುರ್ಚಿ. ಬಂದ ಹೊಸದರಲ್ಲಿ ಪ್ರಿನ್ಸಿಪಾಲರು ಉತ್ಸಾಹದಿಂದ 'ಮಾನಸಿಕ ಆರೋಗ್ಯ ಕೇಂದ್ರ' ಎಂದು ಕೆಂಪಕ್ಷರದ ಬೋರ್ಡು ಬರೆಸಿ ಬಾಗಿಲಿಗೆ ಹಾಕಿಸಿದರು. ಮೂರು ವಾರ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ನಾನೇ ಕುರ್ಚಿ ಹತ್ತಿ ಬೋರ್ಡು ಇಳಿಸಿ ಬೀರುವಿನ ಹಿಂದಕ್ಕೆ ಸರಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಬಂದರು, ಶಟಲ್ ಬ್ಯಾಟು ಕೇಳಲು ಬಂದವರ ಹಾಗೆ ಅತ್ತ ಇತ್ತ ನೋಡುತ್ತ.

ಈ ಹುಡುಗಿ ಬಂದದ್ದೂ ಹಾಗೆಯೇ. ಪಿರಿಯಾಪಟ್ಟಣದ ಕಡೆಯ ಹಳ್ಳಿ, ಹೊಗೆಸೊಪ್ಪು ಬೆಳೆಯುವ ಮನೆ, ಇತಿಹಾಸದಲ್ಲಿ ಎಂ.ಎ. ಎರಡನೇ ವರ್ಷ. ಹಿಂದಿನ ಸೆಮಿಸ್ಟರಿನ ಒಂದು ಪತ್ರಿಕೆಯ ದಿನ, ಪರೀಕ್ಷೆಯ ಹಾಲ್‌ನ ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿಗೆ ಅವಳ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಸಿಗಲಿಲ್ಲ, ಕೈ ಮರಗಟ್ಟಿತು, ಸತ್ತೇಹೋಗುತ್ತೇನೆ ಅನ್ನಿಸಿತು. ಪತ್ರಿಕೆ ಅಲ್ಲೇ ಬಿಟ್ಟು ಓಡಿಬಂದಳು. ಆಮೇಲೆ ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಮಾತ್ರೆ ಶುರುವಾಗಿತ್ತು. ಕರೆದುಕೊಂಡು ಹೋದವಳು ತಾಯಿ. ಅಪ್ಪನಿಗೆ ಮಾತ್ರ ಹೇಳಿದ್ದು 'ಕಣ್ಣು ತೋರಿಸೋಕೆ' ಅಂತ.

"ಅಪ್ಪನಿಗೆ ಯಾಕೆ ಹೇಳಿಲ್ಲ?" ಎಂದು ಕೇಳಿದ್ದೆ.

"ಅವ್ರು ಊರಲ್ಲಿ ಎಲ್ಲರ ಮುಂದೆ ನನ್ ಮಗಳು ಮೇಷ್ಟ್ರಾಗ್ತಾಳೆ ಅಂತ ಹೇಳ್ಕೊಂಡು ತಿರುಗ್ತಾರೆ ಮೇಡಂ. ಪರೀಕ್ಷೆ ಹಾಲ್‌ಗೆ ಹೆದರ್ಕೋತಾಳೆ ಅಂತ ಹೆಂಗೆ ಹೇಳ್ಲಿ?"

ಜೀವದ ಬಗ್ಗೆ ಕೆಟ್ಟ ಯೋಚನೆ ಬರುತ್ತದೆಯೇ ಎಂದು ಸುತ್ತುಬಳಸದೆ ಕೇಳುವುದೂ ನಮ್ಮ ಕ್ರಮ. ಕೇಳಿದೆ. "ಇಲ್ಲ ಮೇಡಂ, ಆ ಬಾಗ್ಲು ದಾಟಿ ಮೂರು ಗಂಟೆ ಕೂತ್ರೆ ಸಾಕು ನಂಗೆ" ಎಂದಳು. ಬಿಟ್ಟ ಪತ್ರಿಕೆಯನ್ನು ಸೆಪ್ಟೆಂಬರಿನಲ್ಲಿ ಮತ್ತೆ ಬರೆಯಬೇಕಿತ್ತು. ಅದು ಮುಗಿಯದೆ ಎಂ.ಎ. ಮುಗಿಯುವಂತಿರಲಿಲ್ಲ. ನಮ್ಮಿಬ್ಬರ ಮುಂದಿದ್ದ ಕೆಲಸ ಅಷ್ಟೇ, ಒಂದು ಬಾಗಿಲು ಮತ್ತು ಮೂರು ಗಂಟೆ.

ವಾರಕ್ಕೊಂದು ಗಂಟೆ ಕೂರುತ್ತಿದ್ದೆವು. ಮೊದಲು ಹಿಂದಿನ ವಾರ ಹೇಗಿತ್ತು ಎಂಬ ಮಾತು. ಆಮೇಲೆ ಓದಬೇಕಾದ ಪಾಠವನ್ನು ಅರ್ಧರ್ಧ ಗಂಟೆಯ ತುಂಡುಗಳಾಗಿ ಕತ್ತರಿಸುವುದು. ಕೊನೆಯ ಹತ್ತು ನಿಮಿಷ ಒಂದು ಹಾಳೆಯಲ್ಲಿ ಮೂರೇ ಮೂರು ಕೆಲಸ ಬರೆಯುವುದು, ಅದೂ ಅವಳ ಕೈಬರಹದಲ್ಲಿ. ಹಾಳೆ ಅವಳದು, ನನ್ನ ಹತ್ತಿರ ಇರುವುದಿಲ್ಲ. ಓದು ಸಲೀಸಾಗಿ ನಡೆಯಿತು. ಮಾತ್ರೆ ಹಿಡಿದು ನಿದ್ದೆ ಬರತೊಡಗಿತು. ಆದರೆ ಹಾಲ್ ಇರುವ ಮಹಡಿಯ ಮೆಟ್ಟಿಲು ಕಂಡರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಎಷ್ಟು ಎಂದರೆ, ಐದು.

ಆಗ ನನಗೆ ಹೊಳೆದದ್ದು ಪ್ರತ್ಯೇಕ ಕೊಠಡಿ. ಹಾಲ್ ಕಂಡರೆ ಭಯವೇ? ಹಾಲೇ ಬೇಡ. ಒಂದು ಚಿಕ್ಕ ಕೋಣೆಯಲ್ಲಿ ಒಬ್ಬಳೇ ಕೂತು ಬರೆಯಲಿ. ನಿಯಮದಲ್ಲಿ ಅವಕಾಶವಿತ್ತು. ಆದರೆ ಅವಕಾಶವಿರುವುದಕ್ಕೂ ಸಿಗುವುದಕ್ಕೂ ನಡುವೆ ಎಷ್ಟು ಮೇಜುಗಳಿರುತ್ತವೆ ಎಂಬುದು ಅಲೆದವರಿಗೇ ಗೊತ್ತು. ಡಾಕ್ಟರ ಪತ್ರ, ವಿಭಾಗದ ಮುಖ್ಯಸ್ಥರ ಶಿಫಾರಸು, ಪ್ರಿನ್ಸಿಪಾಲರ ಸಹಿ, ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗ. ಅಲ್ಲಿಯ ಗುಮಾಸ್ತರು "ಕೈ ಮುರ್ದಿದ್ಯಾ? ಕಣ್ಣು ಕಾಣಲ್ವಾ? ಮತ್ತೆ ಯಾಕ್ರೀ?" ಎಂದರು. ನಾನೂ ಬಿಡಲಿಲ್ಲ. ಮೂರು ವಾರ ಅವರ ಮೇಜಿನ ಮುಂದೆ ಬೇರು ಬಿಟ್ಟೆ. ಕೊನೆಗೆ ಆದೇಶ ಕೈಗೆ ಬಂದ ದಿನ ಹುಣಸೂರು ಬಸ್‌ಸ್ಟ್ಯಾಂಡಿನ ಎದುರು ಮಸಾಲೆ ದೋಸೆ ತಿಂದು ನನಗೆ ನಾನೇ ಸನ್ಮಾನ ಮಾಡಿಕೊಂಡೆ.

ಹುಡುಗಿಗೆ ಆದೇಶ ತೋರಿಸಿದೆ. ಓದಿದಳು. ಮಡಿಸಿದಳು. "ಸರಿ ಮೇಡಂ" ಎಂದಳು.

"ಎಷ್ಟು ಈಗ?"

"ಐದು."

ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಮೊದಲು ಕಾಲೇಜಿನದೇ ಒಂದು ಟೆಸ್ಟು ಇತ್ತು. ರೂಢಿಯಾಗಲಿ ಎಂದು ಅದನ್ನೂ ಪ್ರತ್ಯೇಕ ಕೊಠಡಿಯಲ್ಲೇ ಬರೆಸಿ ಎಂದು ಹೇಳಿದೆ. ಪ್ರಿನ್ಸಿಪಾಲರ ಚೇಂಬರಿನ ಪಕ್ಕ ಒಂದು ಸಣ್ಣ ಕೋಣೆ ಬೀಗ ಹಾಕಿಕೊಂಡು ಬಿದ್ದಿತ್ತು. ಅಟೆಂಡರ್ ಅಣ್ಣನಿಗೆ ಆದೇಶದ ಪ್ರತಿ ಕೊಟ್ಟು ಬೀಗ ತೆಗೆಸಿದೆ. ಅವರು ಮೂವತ್ತು ವರ್ಷದಿಂದ ಅದೇ ಕಾಲೇಜಿನಲ್ಲಿದ್ದವರು. ನೆಲ ಒರೆಸಿ, ಮೇಜು ಹಾಕಿ, ಎಲ್ಲಿಂದಲೋ ಟೇಬಲ್ ಫ್ಯಾನು ಕೂಡ ತಂದಿಟ್ಟರು. ಟೆಸ್ಟಿನ ದಿನ ಗುರುವಾರ, ನಾನು ಹೆಗ್ಗಡದೇವನಕೋಟೆಯಲ್ಲಿದ್ದೆ. ಎಲ್ಲ ಸರಿಯಾಗಿ ನಡೆದಿರುತ್ತದೆ ಎಂದುಕೊಂಡೆ.

ಸೋಮವಾರ ಹುಡುಗಿ ಬರಲಿಲ್ಲ. ಫೋನ್ ಎತ್ತಲಿಲ್ಲ. ಮಧ್ಯಾಹ್ನ ಒಂದು ಮೆಸೇಜು ಬಂತು: "ಮೇಡಂ, ಅಪ್ಪ ಕಾಲೇಜು ಬೇಡ ಅಂದ್ರು. ಟಿ.ಸಿ. ತಗೊಳ್ಳೋಕೆ ಏನೇನು ಕೊಡಬೇಕು?"

ಏನಾಯಿತೆಂದು ಹೇಳಿದವರು ಅಟೆಂಡರ್ ಅಣ್ಣ. ಬಾಗಿಲಲ್ಲಿ ನಿಂತು, ಟವೆಲು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ, "ಆ ರೂಮು ಅಂದ್ರೆ ಉಡುಗ್ರು ಎಲ್ಲಾ ಬೇರೆ ತಿಳ್ಕತಾರೆ ಮೇಡಂ" ಎಂದರು.

"ಬೇರೆ ಅಂದ್ರೆ?"

"ಸ್ಕ್ವಾಡ್ ಬಂದಾಗ ಕಾಪಿ ಒಡ್ದೋರ್ನ ಇಡ್ದು ಅಲ್ಲೇ ಕೂರ್ಸೋದು. ತಪ್ಪೊಪ್ಕೊಂಡು ಬರ್ಸ್ಕೊಳ್ಳೋದೂ ಅಲ್ಲೇಯ. ಬ್ಯಾರೆ ಯಾತಕ್ಕೂ ಅದ್ರ ಬೀಗ ತೆಗ್ದಿದ್ದೇ ಇಲ್ಲ."

ನನ್ನ ರಕ್ತ ತಲೆಗೇರಿತು. "ಮೊದ್ಲೇ ಹೇಳಬಾರದಾಗಿತ್ತೇನ್ರೀ?"

"ನೀವು ಕೇಳ್ನಿಲ್ವಲ್ಲ ಮೇಡಂ. ಆರ್ಡ್ರು ತಂದು ಬೀಗ ತೆಗೀರಿ ಅಂದ್ರಿ. ತೆಗ್ದೆ."

ಅದು ನಿಜ. ಹುಡುಗಿಯನ್ನೂ ಕೇಳಿರಲಿಲ್ಲ, ಇವರನ್ನೂ ಕೇಳಿರಲಿಲ್ಲ. ಅವಳ ಊರಿನ ಬಿ.ಕಾಂ. ಹುಡುಗಿಯರು ಅವಳು ಆ ಕೋಣೆಯಿಂದ ಹೊರಬರುವುದನ್ನು ನೋಡಿದ್ದರು. ಸಂಜೆಯ ಬಸ್ಸು ಊರು ಮುಟ್ಟುವಷ್ಟರಲ್ಲಿ 'ಕಾಪಿ ಹೊಡೆದು ಸಿಕ್ಕಿಬಿದ್ದಳಂತೆ' ಆಗಿತ್ತು. ಡೈರಿಗೆ ಹಾಲು ಹಾಕಲು ಹೋದ ಅಪ್ಪನ ಕಿವಿಗೆ ಅದು ಬಿತ್ತು. ಭಯ ಕಡಿಮೆ ಮಾಡುತ್ತೇನೆಂದು ಹೊರಟು ನಾನು ಅವಳ ಮಾನ ಕಳೆದಿದ್ದೆ. ಆ ದಿನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಶುಕ್ರವಾರ ಮೈಸೂರಿನಲ್ಲಿ ಮೇಲ್ವಿಚಾರಕಿ ಎಲ್ಲ ಕೇಳಿಸಿಕೊಂಡರು. ನನಗಿಂತ ಹದಿನೈದು ವರ್ಷ ದೊಡ್ಡವರು, ದನಿ ಎತ್ತುವವರಲ್ಲ.

"ಆ ರೂಮು ಬೇಕು ಅಂತ ಹೇಳಿದ್ದು ಯಾರು?"

"ನಾನು."

"ಅವಳು ಏನಂದಳು?"

"ಸರಿ ಮೇಡಂ ಅಂದಳು."

"ಸರಿ ಮೇಡಂ ಅಂದ್ರೆ ಬೇಡ ಅಂತಲೂ ಅರ್ಥ ಇರುತ್ತೆ ಅಂತ ನಿಂಗೆ ನಾನು ಹೇಳಿಕೊಡಬೇಕಾ? ನೀನೂ ಈ ಕಡೆಯೋಳೇ ತಾನೆ?" ಎಂದರು. ಆಮೇಲೆ ಒಂದೇ ಮಾತು: "ಅವಳನ್ನ ಕೇಳು. ಅವಳು ಹೇಳಿದಷ್ಟು ಮಾಡು."

ಆ ಸಂಜೆ ಹುಡುಗಿ ಫೋನ್ ಎತ್ತಿದಳು. ತಪ್ಪಾಯಿತು ಎಂದೆ. ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡಲೇ ಎಂದು ಕೇಳಿದೆ. "ಬನ್ನಿ ಮೇಡಂ. ಆದ್ರೆ ಕಾಪಿ ಹೊಡ್ದಿಲ್ಲ ಅಂತ ಅಷ್ಟೇ ಹೇಳಿ. ಮಾತ್ರೆ ವಿಷ್ಯ, ಆಸ್ಪತ್ರೆ ವಿಷ್ಯ ಬೇಡ" ಎಂದಳು. ಒಪ್ಪಿಕೊಂಡೆ. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಅವರ ಆರೋಗ್ಯದ ಮಾತನ್ನು ಹೆತ್ತವರಿಗೂ ಹೇಳುವಂತಿಲ್ಲ, ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಬೇರೆ. ಇದು ನಮ್ಮ ಮೊದಲ ನಿಯಮ. ಆಡುವುದು ಸುಲಭ.

ಮಂಗಳವಾರ ಪಿರಿಯಾಪಟ್ಟಣದ ಕೆಲಸ ಬೇಗ ಮುಗಿಸಿ ಅವಳ ಊರಿನ ಬಸ್ಸು ಹತ್ತಿದೆ. ಸುಗ್ಗಿಯ ಕಾಲ. ದಾರಿಯುದ್ದಕ್ಕೂ ಬ್ಯಾರನ್‌ಗಳಿಂದ ಹೊಗೆ ಏಳುತ್ತಿತ್ತು. ಹೊಗೆಸೊಪ್ಪನ್ನು ಬೇಯಿಸಿ ಹದ ಮಾಡುವ, ಕಿಟಕಿಯಿಲ್ಲದ ಎತ್ತರದ ಮನೆಗೆ ಇಲ್ಲಿಯವರು ಬ್ಯಾರನ್ ಎನ್ನುತ್ತಾರೆ. ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಸೌದೆ ಇಡುತ್ತಾರೆ. ಐದಾರು ದಿನದ ಕೆಲಸ. ಅಷ್ಟು ದಿನವೂ ಒಬ್ಬರು ಒಲೆ ಬಿಟ್ಟು ಕದಲುವಂತಿಲ್ಲ.

ಅಪ್ಪ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಸಣಕಲು ಆಳು, ತಲೆಗೆ ಮಸಿ ಹಿಡಿದ ಟವೆಲು. ಹುಡುಗಿ ಬ್ಯಾರನ್ನಿನ ಗೋಡೆಯ ಗಾಜಿನ ಕಿಂಡಿಗೆ ಮುಖ ಹಚ್ಚಿ ಒಳಗೆ ತೂಗುಬಿಟ್ಟ ಫ್ಯಾರನ್‌ಹೀಟ್ ಥರ್ಮಾಮೀಟರ್ ನೋಡುತ್ತಿದ್ದಳು. ನನ್ನನ್ನು ಕಂಡು ತಲೆಯಾಡಿಸಿ ಮತ್ತೆ ಕಿಂಡಿಯತ್ತ ತಿರುಗಿದಳು.

"ಬನ್ರವ್ವ ಮೇಡಮ್ನೋರೆ, ಕೂತ್ಕಳಿ" ಎಂದು ಅಪ್ಪ ಮಣೆ ಸರಿಸಿದರು. ತಾಯಿ ಕಾಫಿ ತಂದುಕೊಟ್ಟು ಗೋಡೆಗೆ ಒರಗಿ ನಿಂತರು. ಮಳೆ, ಬೆಳೆ ಎಲ್ಲ ಮಾತಾಡಿದ ಮೇಲೆ ನಾನು ವಿಷಯಕ್ಕೆ ಬಂದೆ.

"ನಿಮ್ಮ ಮಗಳು ಕಾಪಿ ಹೊಡೆದಿಲ್ಲ. ಇದನ್ನ ನಾನು ಆಣೆ ಇಟ್ಟು ಹೇಳ್ತೀನಿ."

"ಅವ್ಳೂ ಅಂಗೇ ಏಳುದ್ಲು ಕಣವ್ವ. ಒಡ್ದಿಲ್ಲ ಅಂದ್ಮೇಲೆ ಆ ರೂಮ್ಗೆ ಯಾಕ್ ಕೂರ್ಸುದ್ರು? ಅದ್ಕೆ ಮಾತ್ರ ಬಾಯಿ ಬುಡಕಿಲ್ಲ. ಡೈರಿತಾವ ಹತ್ತು ಜನದ್ ಮುಂದೆ ಕೇಳುದ್ರು ನನ್ನ. ನಾ ಏನಂತ ಏಳ್ಲಿ?"

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಒಲೆಯಲ್ಲಿ ಸೌದೆ ಚಟಪಟ ಎಂದಿತು. ಕಣ್ಣು ನೋವಿತ್ತು, ಬೆಳಕು ಆಗುತ್ತಿರಲಿಲ್ಲ, ಅದಕ್ಕೇ ಬೇರೆ ರೂಮು ಎಂದುಬಿಡೋಣ ಅನ್ನಿಸಿತು. ತಾಯಿ ಮೊದಲೇ ಹೇಳಿದ ಸುಳ್ಳಿಗೂ ಅದು ಹೊಂದಿಕೊಳ್ಳುತ್ತಿತ್ತು. ಅಪ್ಪ ನಂಬುತ್ತಿದ್ದರು, ಹುಡುಗಿ ಕಾಲೇಜಿಗೆ ಬರುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಪರವಾಗಿ ನಾನು ಒಂದು ಸಲ ತೀರ್ಮಾನ ಮಾಡಿದ್ದರ ಫಲ ಕಣ್ಣ ಮುಂದೆಯೇ ಇತ್ತಲ್ಲ.

"ಆ ರೂಮು ಕೇಳಿ ತಗೊಂಡಿದ್ದು ನಾನು" ಎಂದೆ. "ಅದು ಎಂಥ ರೂಮು ಅಂತ ವಿಚಾರಿಸದೆ ತಗೊಂಡಿದ್ದು ನನ್ನ ತಪ್ಪು, ಅವಳದಲ್ಲ. ಯಾಕೆ ತಗೊಂಡೆ ಅನ್ನೋದನ್ನ ಮಾತ್ರ ನಾನು ಹೇಳೋ ಹಾಗಿಲ್ಲ. ಅವಳಿಗೆ ಹೇಳಬೇಕು ಅನ್ನಿಸಿದಾಗ ಅವಳೇ ಹೇಳ್ತಾಳೆ. ಅಲ್ಲೀವರೆಗೂ ನನ್ನ ಬಯ್ರಿ, ಅವಳನ್ನ ಬಯ್ಯಬೇಡಿ."

ತಾಯಿ ಸೆರಗಿನ ತುದಿ ಹಿಂಡುತ್ತಿದ್ದರು. ಆಗ ಹುಡುಗಿ ಕಿಂಡಿಯಿಂದ ಮುಖ ತೆಗೆಯದೆಯೇ ಮಾತಾಡಿದಳು.

"ಅಪ್ಪ, ಈಗ ನೂರಿಪ್ಪತ್ತು ಡಿಗ್ರಿ ಅದೆ."

"ಇರ್ಲಿ, ಅಲ್ಲೇ ನಿಲ್ಸು. ಇನ್ನೂ ಎರಡು ಗಂಟೆ ಏರ್ಸದ್ ಬ್ಯಾಡ."

"ಒಂದೇ ಏಟ್ಗೆ ನೂರರವತ್ತಕ್ಕೆ ಏರ್ಸುದ್ರೆ?"

"ಏನ್ ಏಳ್ತಿಯಾ? ಎಲೆ ಬೆಂದು ಕಪ್ಪಾಯ್ತದೆ. ಇಡೀ ಬ್ಯಾರನ್ ಆಳಾಗೋಯ್ತದೆ."

"ನಂಗೆ ಪರೀಕ್ಷೆ ಹಾಲ್ ಬಾಗ್ಲು ಮುಚ್ಚುದ್ರೆ ಅಂಗೇ ಆಯ್ತದೆ ಕಣಪ್ಪ. ತೊಂಬತ್ತರಲ್ಲಿ ಇರ್ತೀನಿ, ಒಂದೇ ಏಟ್ಗೆ ನೂರರವತ್ತು. ಉಸ್ರು ಸಿಕ್ಕಕಿಲ್ಲ. ಸತ್ತೋಯ್ತೀನಿ ಅನ್ಸ್ತದೆ. ಓದ್ಸಲ ಪೇಪರ್ ಬುಟ್ಟು ಓಡ್ಬಂದ್ಬುಟ್ಟೆ. ಕಣ್ಣು ತೋರ್ಸಕೆ ಓಗಿದ್ದಲ್ಲ ಕಣಪ್ಪ, ಅದುಕ್ಕೆ ಓಗಿದ್ದು. ಮಾತ್ರೆ ತಗೋತಾ ಇವ್ನಿ."

ಅಷ್ಟನ್ನೂ ಗೋಡೆಗೆ ಹೇಳಿದ ಹಾಗೆ ಹೇಳಿದಳು. ಅಪ್ಪ ಹೆಂಡತಿಯ ಕಡೆ ನೋಡಿದರು, ಅವರು ತಲೆ ತಗ್ಗಿಸಿದರು. ಅಪ್ಪ ಒಲೆಯಿಂದ ಒಂದು ಕೊಳ್ಳಿ ಎಳೆದು ಪಕ್ಕಕ್ಕಿಟ್ಟರು, ಮತ್ತೆ ಒಳಗಿಟ್ಟರು. ಏನು ಮಾಡಬೇಕೆಂದು ಕೈಗೆ ತೋಚದಾಗ ಮಾಡುವ ಕೆಲಸ ಅದು.

"ನನ್ಗ್ಯಾಕ್ ಮಗ ಏಳ್ನಿಲ್ಲ?"

"ನೀನು ನೊಂದ್ಕತೀಯ ಅಂತ."

"ಈಗ ನೊಂದ್ಕಂಡಿಲ್ವಾ?" ಎಂದವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಎಲೆ ಹಣ್ಣಾಗ್ಲಿ ಅಂತ ವಾರಗಟ್ಲೆ ಒಲೆ ಮುಂದೆ ಕಾಯ್ತೀನಿ. ನಿನ್ಗೋಸ್ಕರ ಕಾಯಕಾಗಕಿಲ್ವಾ ನನ್ಗೆ?" ಎಂದರು.

ಹುಡುಗಿ ಈಗ ತಿರುಗಿದಳು. ಮೂಗಿನ ಮೇಲೆ ಗಾಜಿನ ಮಸಿ. ತಾಯಿ ಅಳುತ್ತ ಮಗಳ ಮೂಗು ಒರೆಸಿದರು. ನನಗಂತೂ ಆ ಮನೆಯವರೆಲ್ಲರ ಮೇಲೂ, ಕಾಫಿ ಲೋಟದ ಮೇಲೂ, ಒಲೆಯ ಮುಂದಿನ ಬೆಕ್ಕಿನ ಮೇಲೂ ಪ್ರೀತಿ ಉಕ್ಕಿತು.

ಬಸ್ಸಿಗೆ ಕಾಯುವಾಗ ಹುಡುಗಿಯನ್ನು ಕೇಳಿದೆ, "ನೂರರವತ್ತು ಅಂತ ಎಷ್ಟು ಸರಿಯಾಗಿ ಹೇಳ್ತೀಯಲ್ಲೇ, ನನ್ನ ಹತ್ರ ಯಾಕೆ ಯಾವಾಗ್ಲೂ ಐದು?"

"ಹತ್ತು ಅಂದ್ರೆ ಎಷ್ಟು ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ ಮೇಡಂ. ಐದು ಅಂದ್ರೆ ನೀವು ಜಾಸ್ತಿ ಕೇಳ್ತಾನೂ ಇರ್ಲಿಲ್ಲ" ಎಂದು ನಕ್ಕಳು. "ಬ್ಯಾರನ್ ಡಿಗ್ರಿನಾದ್ರೆ ಚಿಕ್ಕೋಳಿದ್ದಾಗಿಂದ ನೋಡಿದೀನಿ."

ಅವಳಿಗೆ ಏನು ಬೇಕು ಎಂದು ನಾನು ಮೊದಲ ಬಾರಿ ಕೇಳಿದ್ದು ಆ ರಸ್ತೆಯ ಬದಿಯಲ್ಲಿ. ಬೇರೆ ರೂಮು ಬೇಡ, ಎಲ್ಲರ ಜೊತೆ ಅದೇ ಹಾಲ್‌ನಲ್ಲಿ ಕೂರುತ್ತೇನೆ, ಬಾಗಿಲ ಪಕ್ಕದ ಕೊನೇ ಬೆಂಚು ಕೊಟ್ಟು ಬಾಗಿಲು ತೆರೆದಿಡಲಿ ಎಂದಳು. ಇಷ್ಟೇ. ಇದಕ್ಕೆ ನಾನು ಮೂರು ವಾರ ಮೈಸೂರು ಅಲೆದಿದ್ದೆ.

ಬೆವರು ಸುರಿಸಿ ಪಡೆದ ಆದೇಶವನ್ನು ವಾಪಸು ಕೊಡುವ ಪತ್ರ ಬರೆಯುವಾಗ ನನ್ನ ಕೈ ಮುಂದೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಪರೀಕ್ಷೆಯ ಉಸ್ತುವಾರಿ ಅಧ್ಯಾಪಕರು ಬೆಂಚಿಗೆ ಒಪ್ಪಿದರು, ಬಾಗಿಲಿಗೆ ಒಪ್ಪಲಿಲ್ಲ. "ಬಾಗಿಲು ತೆಗೆದಿಟ್ರೆ ಹೊರಗಿಂದ ಚೀಟಿ ಬರುತ್ತೆ. ಸ್ಕ್ವಾಡ್‌ನೋರಿಗೆ ಯಾರು ಉತ್ತರ ಕೊಡ್ತಾರೆ?" ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ನಾನು ಸಿಡುಕಲು ಬಾಯಿ ತೆರೆಯುವ ಮೊದಲೇ ಟೀ ಕೊಡಲು ಬಂದಿದ್ದ ಅಟೆಂಡರ್ ಅಣ್ಣ ಹೇಳಿದರು, "ಸಾರ್, ನಾನು ಸ್ಟೂಲ್ ಆಕ್ಕಂಡು ಬಾಗ್ಲಲ್ಲೇ ಕೂತಿರ್ತೀನಿ. ಚೀಟಿ ಅಲ್ಲ, ಸೊಳ್ಳೆನೂ ಬುಡಕಿಲ್ಲ ಒಳಕ್ಕೆ." ಅಲ್ಲಿಗೆ ಬಾಗಿಲು ತೆರೆಯಿತು.

ಉಳಿದದ್ದು ಐದು ವಾರ. ಡಾಕ್ಟರಿಗೂ ವಿಷಯ ತಿಳಿಸಿ, ವಾರಕ್ಕಿಷ್ಟು ಎಂದು ಏರಿಸುವ ಯೋಜನೆ ಹಾಕಿದೆವು. ಮೊದಲ ವಾರ ಮೆಟ್ಟಿಲ ಬುಡದಲ್ಲಿ ನಿಲ್ಲುವುದು. ಆಮೇಲೆ ವರಾಂಡ. ಆಮೇಲೆ ಖಾಲಿ ಹಾಲ್‌ನಲ್ಲಿ, ಬಾಗಿಲ ಪಕ್ಕದ ಬೆಂಚಿನಲ್ಲಿ, ಹತ್ತು ನಿಮಿಷ. ಪ್ರತಿ ಸಲವೂ ಎಷ್ಟು ಎಂದು ಕೇಳುವುದು, ನೂರಿಪ್ಪತ್ತು ದಾಟಿದರೆ ಏರಿಸದೆ ಅಲ್ಲೇ ನಿಲ್ಲುವುದು, ಇಳಿದ ಮೇಲೆ ಮುಂದಕ್ಕೆ. ನನಗೆ ಈ ಹೋಲಿಕೆ ಎಷ್ಟು ಹಿಡಿಸಿತೆಂದರೆ ಮಾತುಮಾತಿಗೂ ಒಲೆ, ಸೌದೆ, ಎಲೆ ಎನ್ನತೊಡಗಿದೆ. ಒಂದು ದಿನ ಅವಳು ತಡೆಯಲಾರದೆ, "ಮೇಡಂ, ನಾನು ಹೊಗೆಸೊಪ್ಪಲ್ಲ" ಎಂದಳು. ಅವತ್ತಿನಿಂದ ನಾಲಿಗೆ ಹಿಡಿದುಕೊಂಡೆ.

ಎಲ್ಲವೂ ನೆಟ್ಟಗೆ ಏರಲಿಲ್ಲ. ನಾಲ್ಕನೇ ವಾರ ಒಂದು ಗಂಟೆ ಕೂರುವ ದಿನ, ಮೇಲ್ಚಾವಣಿಯ ಫ್ಯಾನು ನಿಂತು ಸೆಕೆಯಾಗಿ, ನೂರೈವತ್ತು ಎಂದು ಪಿಸುಗುಟ್ಟಿ ಎದ್ದು ಹೋದಳು. ನಲ್ಲಿಯ ಹತ್ತಿರ ಕೂತು ಅತ್ತಳು. ಮತ್ತೆ ಹತ್ತು ನಿಮಿಷಕ್ಕೆ ಇಳಿದೆವು. ಪರೀಕ್ಷೆಗೆ ಎಂಟು ದಿನವಿತ್ತು. ನನಗೆ ನಿದ್ದೆ ಬರುತ್ತಿರಲಿಲ್ಲ, ಅವಳಿಗೆ ಬರುತ್ತಿತ್ತು.

ಪರೀಕ್ಷೆಯ ದಿನ ಅಪ್ಪನೂ ಮಗಳ ಜೊತೆ ಬಸ್ಸಿಳಿದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ. ಬ್ಯಾರನ್ನಿಗೆ ಎಲೆ ತುಂಬಿ ಎರಡೇ ದಿನವಾಗಿತ್ತಂತೆ. ಒಲೆಯನ್ನು ಹೆಂಡತಿಗೂ ಭಾಮೈದನಿಗೂ ಒಪ್ಪಿಸಿ ಬಂದಿದ್ದರು. ಬೆಂಕಿ ಹೊತ್ತಿಸಿದ ಮೇಲೆ ಅವರು ಒಲೆ ಬಿಟ್ಟು ಹೊರಟದ್ದು ಅದೇ ಮೊದಲು ಎಂದು ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಅಂಗಳದ ಹೊಂಗೆ ಮರದ ಕೆಳಗೆ, ಮಹಡಿಯ ವರಾಂಡ ಕಾಣುವ ಕಡೆ ಕಲ್ಲುಬೆಂಚಿನಲ್ಲಿ ಅಪ್ಪ ಕೂತರು. ಪಕ್ಕದಲ್ಲಿ ನಾನು. ಬೆಲ್ಲು ಹೊಡೆಯಿತು. ಅಟೆಂಡರ್ ಅಣ್ಣ ಸ್ಟೂಲಿನ ಮೇಲೆ ಕಾವಲು ಕೂತದ್ದು ಕಾಣುತ್ತಿತ್ತು.

ಮುಕ್ಕಾಲು ಗಂಟೆಯಾಗಿರಬೇಕು. ಹುಡುಗಿ ಬಾಗಿಲಿಗೆ ಬಂದಳು. ಅಟೆಂಡರ್ ಎದ್ದು ದಾರಿ ಬಿಟ್ಟರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಷ್ಟು ದೂರದಿಂದಲೂ ಭುಜ ಏರಿ ಇಳಿಯುವುದು ಕಾಣುತ್ತಿತ್ತು. ನಾನು ಎದ್ದುನಿಂತೆ. ಅಪ್ಪನೂ ಎದ್ದರು. ಓಡಿಹೋಗುತ್ತಾರೇನೋ ಎಂದು ಹೆದರಿದೆ. ಅವರು ಕೂಗಲಿಲ್ಲ, ಕದಲಲಿಲ್ಲ. ಬಲಗೈ ಮುಂದೆ ಚಾಚಿ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಿದರು. ಮತ್ತೊಮ್ಮೆ ಇಳಿಸಿದರು. ಕಿಂಡಿಯ ಹತ್ತಿರ ಒಬ್ಬರು, ಒಲೆಯ ಹತ್ತಿರ ಒಬ್ಬರು ಇರುವಾಗ ಬೆಂಕಿ ತಗ್ಗಿಸು ಎಂದು ಹೇಳಲು ಆ ಮನೆಯವರು ಮಾಡುವ ಸನ್ನೆ ಅದು.

ಹುಡುಗಿ ಆ ಕೈಯನ್ನೇ ನೋಡುತ್ತಿದ್ದಳು. ಅಟೆಂಡರ್ ಅಣ್ಣ ನೀರಿನ ಬಾಟಲಿ ಕೊಟ್ಟರು. ಕುಡಿದಳು. ಒಂದು ನಿಮಿಷವೋ ಎರಡೋ. ಆಮೇಲೆ ಬೆನ್ನು ತಿರುಗಿಸಿ ಒಳಗೆ ಹೋದಳು.

ಅಪ್ಪ ಕೂತರು. "ಒಳೀಕೋದ್ಲು" ಎಂದರು, ನನಗೆ ಕಂಡಿಲ್ಲವೇನೋ ಎನ್ನುವ ಹಾಗೆ.

ಕೊನೆಯ ಬೆಲ್ಲಿಗೆ ಎಲ್ಲರ ಜೊತೆ ಹೊರಬಂದಳು. ಬೆರಳಿಗೆ ಶಾಯಿ, ಅಂಗಿಯ ಬೆನ್ನು ಬೆವರಿನಿಂದ ಒದ್ದೆ. ಹೇಗೆ ಬರೆದೆ ಎಂದು ಯಾರೂ ಕೇಳಲಿಲ್ಲ.

"ಎಷ್ಟಿತ್ತವ್ವ?" ಎಂದರು ಅಪ್ಪ.

"ನಡುವೆ ನೂರೈವತ್ತು ಮುಟ್ತು ಕಣಪ್ಪ. ಆಮೇಕೆ ತಾನೇ ಇಳೀತು. ಈಗ ತೊಂಬತ್ತೂ ಇಲ್ಲ."

"ಅಂಗಾರೆ ಬೆಂಕಿ ತೆಗೀಬೌದು ಬುಡು" ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು.

ಅವಳ ಫಲಿತಾಂಶದ ಬಗ್ಗೆ ಕೇಳುವವರಿಗೆ: ಪಾಸಾದಳು. ಇದನ್ನು ಬರೆಯುತ್ತೇನೆಂದಾಗ ಒಪ್ಪಿದಳು. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿ, ಥರ್ಮಾಮೀಟರಿನ ಡಿಗ್ರಿಗಳನ್ನು ಮಾತ್ರ ಇದ್ದ ಹಾಗೇ ಬರೆಯಿರಿ ಎಂದಳು. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಫಲಿತಾಂಶದ ದಿನವಲ್ಲ, ಅವತ್ತಿನ ಮಧ್ಯಾಹ್ನದ ಬಸ್ಸು. ಅಪ್ಪ ಆಗಲೇ ಹತ್ತಿ ಕಿಟಕಿಯ ಸೀಟು ಹಿಡಿದಿದ್ದರು, ಬ್ಯಾರನ್ನಿನ ಚಿಂತೆ. ಹುಡುಗಿ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟವಳು ತಿರುಗಿ ನನ್ನ ಮುಖ ನೋಡಿದಳು. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ.

"ಮೇಡಂ, ನಿಮ್ದೆಷ್ಟು?"

"ಐದು" ಎಂದೆ.

"ಸುಳ್ಳು" ಎಂದು ನಗುತ್ತ ಒಳಗೆ ಹೋದಳು.